ಡಾಟ್ಸನ್ 240-ಝಡ್ ಕಾರಿನ ಸ್ಟ್ರಟ್ ಬದಲಾವಣೆ ಮತ್ತು ಸುಧಾರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಿಸ್ಸಾನ್ ಕಂಪನಿಯು 1969ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಫೇರ್‌ಲೇಡಿ ಝಡ್ ಎಂಬ ಹೆಸರಿನಲ್ಲಿಯೂ ಅದರ ಬೆನ್ನಿಗೇ ಅಮೆರಿಕದಲ್ಲಿ ಡಾಟ್ಸನ್ 240-ಝಡ್ ಎಂಬ ಹೆಸರಿನಲ್ಲಿಯೂ ಹೊರತಂದ ಸ್ಪೋರ್ಟ್ಸ್ ಕಾರಿಗೆ ಈಗ ಐವತ್ತು ದಾಟಿದೆ. ನನ್ನದು 1972ರ ಕಾರು. ಅದು ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಓಹಾಯೋ ರಾಜ್ಯದಲ್ಲಿ ಬಹುಕಾಲ ಓಡಾಡಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಳಗಿನ ಉತ್ತರಗಳಲ್ಲಿ ತುಕ್ಕಿನ ಮಾತು ಹೆಚ್ಚಾಗಿ ಬರುವುದಕ್ಕೆ ಅದೇ ಕಾರಣ. ಇಲ್ಲಿರುವುದೆಲ್ಲ 1970ರಿಂದ 1973ರವರೆಗಿನ 240-ಝಡ್ ಮಾದರಿಗೆ ಸಂಬಂಧಿಸಿದ್ದು. ಇದೇ ಸಾಲಿನ ಮುಂದಿನ ಮಾದರಿಯಾದ 280-ಝಡ್ ಇರುವವರಿಗೆ ಕೆಲಸದ ಕ್ರಮ ಇದೇ ಆದರೂ ಬಿಡಿಭಾಗಗಳ ಅಳತೆ ಬೇರೆಯಾಗುತ್ತದೆ.

ಸ್ಟ್ರಟ್ ಎಂದರೆ ಶಾಕ್ ಅಬ್ಸಾರ್ಬರ್ ತಾನೇ?

ಅಲ್ಲ, ಶಾಕ್ ಅಬ್ಸಾರ್ಬರ್ ಸ್ಟ್ರಟ್‌ನ ಒಳಗಿರುವ ಒಂದು ಭಾಗ ಮಾತ್ರ. ಸಾಮಾನ್ಯ ಶಾಕ್ ಅಬ್ಸಾರ್ಬರಿಗೆ ಸ್ಪ್ರಿಂಗಿನ ಕುಣಿತವನ್ನು ತಡೆಯುವುದಷ್ಟೇ ಕೆಲಸ, ಅದನ್ನು ಬಿಚ್ಚಿ ಬದಿಗಿಟ್ಟರೂ ಚಕ್ರ ತನ್ನ ಜಾಗದಲ್ಲಿಯೇ ನಿಂತಿರುತ್ತದೆ. ಸ್ಟ್ರಟ್ ಹಾಗಲ್ಲ. ಸ್ಪ್ರಿಂಗನ್ನು ಹೊರುವುದು, ಚಕ್ರವನ್ನು ನೆಟ್ಟಗೆ ಹಿಡಿದಿಡುವುದು, ಮುಂಭಾಗದಲ್ಲಾದರೆ ಸ್ಟೀರಿಂಗ್ ತಿರುಗಿದಾಗ ತಾನೂ ತಿರುಗುವುದು, ಇಷ್ಟೂ ಅದರ ಪಾಲಿಗೆ ಬಂದಿದೆ. ಫೋರ್ಡ್ ಕಂಪನಿಯ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವಿನ್ಯಾಸ ನಮಗೆ ಹೊಸದೇನಲ್ಲ, ಮಾರುತಿ 800 ಕಾರಿನ ಮುಂದಿನ ಚಕ್ರಗಳೂ ಇದೇ ಬಗೆಯ ಸ್ಟ್ರಟ್ ಮೇಲೆ ನಿಂತಿದ್ದವು. 240-ಝಡ್‌ನ ವಿಶೇಷವೆಂದರೆ ಅದರ ಹಿಂದಿನ ಚಕ್ರಗಳಿಗೂ ಸ್ಟ್ರಟ್ ಇದೆ. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಹಿಂದಿನ ಚಕ್ರಗಳಿಗೆ ಬಳಸಿದ ಕಾರಣ ಅದನ್ನು ಚಾಪ್‌ಮನ್ ಸ್ಟ್ರಟ್ ಎಂದು ಕರೆಯುವ ವಾಡಿಕೆಯುಂಟು.

ಚಕ್ರದ ಅಡ್ಡ ಒತ್ತಡವೆಲ್ಲ ಪಿಸ್ಟನ್ ರಾಡಿನ ಮೇಲೆ ಬೀಳುವುದರಿಂದ, ಎಣ್ಣೆ ಸೋರದಿದ್ದರೂ ರಾಡ್ ಹಾದುಹೋಗುವ ಬಾಯಿಯ ಬುಷ್ ಕಾಲಕ್ರಮದಲ್ಲಿ ಸವೆಯುತ್ತದೆ. ಸೋರಿಕೆ ಕಾಣಲಿಲ್ಲವೆಂದು ಸ್ಟ್ರಟ್ ಚೆನ್ನಾಗಿದೆ ಎಂದುಕೊಳ್ಳುವುದು ಈ ಕಾರಿನಲ್ಲಿ ತಪ್ಪು ಲೆಕ್ಕ.

ಬದಲಾಯಿಸುವ ಕಾಲ ಬಂದಿದೆ ಎಂದು ಹೇಗೆ ತಿಳಿಯುವುದು?

ಬಾನೆಟ್ ಮೂಲೆಯನ್ನು ಕೈಯಿಂದ ಅದುಮಿ ಬಿಟ್ಟು, ಕಾರು ಎಷ್ಟು ಬಾರಿ ಕುಲುಕುತ್ತದೆ ಎಂದು ಎಣಿಸುವ ಪರೀಕ್ಷೆ ಎಲ್ಲರಿಗೂ ಗೊತ್ತು. ಪೂರ್ತಿ ಸತ್ತ ಶಾಕ್ ಅದರಲ್ಲಿ ಸಿಕ್ಕಿಬೀಳುತ್ತದೆ, ಅರೆಜೀವದ್ದು ತಪ್ಪಿಸಿಕೊಳ್ಳುತ್ತದೆ. ಟೈರಿನ ಮೇಲೆ ಅಂಗೈ ಆಡಿಸಿ ನೋಡುವುದು ಅದಕ್ಕಿಂತ ಮೇಲು. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದು ಸವೆದಿದ್ದರೆ ಚಕ್ರ ರಸ್ತೆಯನ್ನು ಹಿಡಿಯದೆ ಕುಪ್ಪಳಿಸುತ್ತಿದೆ ಎಂದು ಅರ್ಥ. ಬ್ರೇಕ್ ಹಾಕಿದಾಗ ಮೂತಿ ಅತಿಯಾಗಿ ಬಗ್ಗುವುದು, ತಿರುವಿನ ನಡುವೆ ಒಂದು ಗುಂಡಿ ಸಿಕ್ಕರೆ ಹಿಂಭಾಗ ಪಕ್ಕಕ್ಕೆ ಜರುಗುವುದು, ಸ್ಪ್ರಿಂಗ್ ಕೆಳಗಿನ ಕೊಳವೆಗೆ ಎಣ್ಣೆ ಮತ್ತು ಧೂಳು ಸೇರಿ ಕಪ್ಪು ಮೆತ್ತೆ ಹಿಡಿದಿರುವುದು, ಇವು ಉಳಿದ ಲಕ್ಷಣಗಳು.

ಇಡೀ ಸ್ಟ್ರಟ್ ಬದಲಾಯಿಸಬೇಕೇ, ಒಳಗಿನ ಭಾಗ ಸಾಕೇ?

ಒಳಗಿನ ಭಾಗ ಸಾಕು. ಈ ಕಾರಿನ ಸ್ಟ್ರಟ್ ಒಂದು ಉಕ್ಕಿನ ಕೊಳವೆ. ಅದರ ಬಾಯಿಗೆ ತಿರುಪಿನ ದೊಡ್ಡ ನಟ್ ಇದೆ, ಅದನ್ನು ಗ್ಲ್ಯಾಂಡ್ ನಟ್ ಎನ್ನುತ್ತಾರೆ. ಕಾರ್ಖಾನೆಯಿಂದ ಬಂದಾಗ ಪಿಸ್ಟನ್, ಸಿಲಿಂಡರ್ ಮತ್ತು ಎಣ್ಣೆ ಬಿಡಿಬಿಡಿಯಾಗಿ ಆ ಕೊಳವೆಯೊಳಗೆ ಇರುತ್ತಿದ್ದವು. ಈಗ ಅವನ್ನೆಲ್ಲ ತೆಗೆದು, ಮುಚ್ಚಿದ ಡಬ್ಬಿಯಂತಿರುವ ಕಾರ್ಟ್ರಿಜನ್ನು ಇಳಿಸಿ, ಹೊಸ ಗ್ಲ್ಯಾಂಡ್ ನಟ್ ಬಿಗಿದರೆ ಆಯಿತು. ಹಿಂದಿನ ಕೊಳವೆಗೆ ಚಕ್ರದ ಬೇರಿಂಗ್ ಕೂರುವ ಎರಕದ ಭಾಗವೂ ಸೇರಿಕೊಂಡಿರುವುದರಿಂದ ಇಡೀ ಸ್ಟ್ರಟ್ ಬದಲಾಯಿಸುವುದು ಕೊಳವೆ ಬಾಗಿದ್ದಾಗ ಅಥವಾ ತುಕ್ಕು ತಿಂದಿದ್ದಾಗ ಮಾತ್ರ ಅನಿವಾರ್ಯ.

ಯಾವ ಕಾರ್ಟ್ರಿಜ್ ಕೊಳ್ಳಬೇಕು?

ದಿನನಿತ್ಯದ ಓಡಾಟಕ್ಕೆ, ರಜಾದಿನದ ಘಟ್ಟದ ರಸ್ತೆಗೆ, ಮೂಲ ಎತ್ತರದ ಸ್ಪ್ರಿಂಗಿಗೆ ಕೆವೈಬಿ ಕಂಪನಿಯ ಗ್ಯಾಸ್ ತುಂಬಿದ ಕಾರ್ಟ್ರಿಜ್ ಹೊಂದುತ್ತದೆ ಎಂಬುದು ನನ್ನ ಅನುಭವ. ಹಿಂದೊಮ್ಮೆ ಈ ಕಾರಿನವರು ಹೆಚ್ಚು ಬಯಸುತ್ತಿದ್ದ ಟೋಕಿಕೋ ಕಂಪನಿಯ ಇಲ್ಯೂಮಿನಾ, ಅಂದರೆ ತಲೆಯ ಮೇಲಿನ ಸಣ್ಣ ತಿರುಪಿನಿಂದ ಐದು ಹಂತಗಳಲ್ಲಿ ಬಿಗಿ ಮಾಡಬಹುದಾಗಿದ್ದ ಕಾರ್ಟ್ರಿಜ್, ಈಗ ತಯಾರಾಗುತ್ತಿಲ್ಲ. ಎಲ್ಲೋ ಒಂದು ಅಂಗಡಿಯ ಮೂಲೆಯಲ್ಲಿ ಉಳಿದದ್ದು ಸಿಕ್ಕರೂ ಅದರ ಸೀಲುಗಳು ಎಷ್ಟು ವರ್ಷ ಒಣಗಿವೆ ಎಂದು ಯೋಚಿಸಿಯೇ ಹಣ ಕೊಡಿ. 280-ಝಡ್‌ನ ಕೊಳವೆ ಇನ್ನಷ್ಟು ದಪ್ಪ, ಅದರ ಕಾರ್ಟ್ರಿಜ್ 240ರ ಕೊಳವೆಗೆ ಇಳಿಯುವುದಿಲ್ಲ. ಹಿಂದಿನ ಮಾಲೀಕರು ಸ್ಟ್ರಟ್‌ಗಳನ್ನು ಅದಲುಬದಲು ಮಾಡಿರುವ ಕಾರುಗಳಿರುವುದರಿಂದ, ವರ್ಷ ನೋಡಿ ಆರ್ಡರ್ ಮಾಡುವ ಮೊದಲು ಕೊಳವೆಯನ್ನೇ ಅಳೆಯುವುದು ಕ್ಷೇಮ.

ಒಂದೇ ಸೋರುತ್ತಿದೆ, ಅದೊಂದನ್ನೇ ಬದಲಾಯಿಸಬಹುದೇ?

ಬೇಡ. ಒಂದೇ ಆಕ್ಸಲ್‌ನ ಎಡಬಲಗಳೆರಡನ್ನೂ ಒಟ್ಟಿಗೆ ಬದಲಾಯಿಸಿ.

ಸ್ಪ್ರಿಂಗನ್ನೂ ಗಟ್ಟಿಯಾದದ್ದಕ್ಕೆ ಬದಲಾಯಿಸಿಬಿಡಲೇ?

ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ಕಾರಿನ ತೂಕ ಸುಮಾರು 1,050 ಕಿಲೋ. ಚಕ್ರ, ಬ್ರೇಕ್ ಮುಂತಾದವನ್ನು ಕಳೆದರೆ ಒಂದೊಂದು ಸ್ಪ್ರಿಂಗಿನ ಮೇಲೆ ಸರಿಸುಮಾರು 230 ಕಿಲೋ ಕೂರುತ್ತದೆ ಎಂದಿಟ್ಟುಕೊಳ್ಳಿ. ಮೂಲ ಸ್ಪ್ರಿಂಗುಗಳು ಮೃದು, ಇಂಚಿಗೆ 100 ಪೌಂಡಿನ ಆಸುಪಾಸಿನವು. ಈ ಎರಡು ಅಂಕಿಗಳಿಂದ ಕಾರು ತನ್ನಷ್ಟಕ್ಕೆ ತೂಗುವ ವೇಗ ನಿಮಿಷಕ್ಕೆ ಸುಮಾರು 84 ಬಾರಿ ಎಂದು ಬರುತ್ತದೆ, ಇದು ಮನುಷ್ಯನ ಮೈಗೆ ಹಿತವಾದ ಲಯ. ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಲಯ ಎರಡು ಪಟ್ಟಾಗುವುದಿಲ್ಲ, ವರ್ಗಮೂಲದ ಲೆಕ್ಕದಂತೆ ನಿಮಿಷಕ್ಕೆ 120ರ ಹತ್ತಿರ ಬರುತ್ತದೆ. ನುಣುಪಾದ ರೇಸ್ ಟ್ರ್ಯಾಕಿನಲ್ಲಿ ಅದು ಚೆನ್ನ. ತೇಪೆ ಹಾಕಿದ ಹಳ್ಳಿ ರಸ್ತೆಯಲ್ಲಿ ಹಲ್ಲು ಕಟಕಟಿಸುತ್ತವೆ. ಅಲ್ಲದೆ ಗಟ್ಟಿ ಸ್ಪ್ರಿಂಗ್ ಮೇಲಕ್ಕೆ ಚಿಮ್ಮುವ ಬಲವೂ ಹೆಚ್ಚು, ಮೃದು ಸ್ಪ್ರಿಂಗಿಗೆಂದು ಮಾಡಿದ ಕಾರ್ಟ್ರಿಜ್ ಅದನ್ನು ಹಿಡಿದಿಡಲಾರದೆ ಹೊಸದಿದ್ದಾಗಲೂ ಹಳೆಯದರಂತೆ ಕುಣಿಯುತ್ತದೆ. ಸ್ಪ್ರಿಂಗ್ ಮತ್ತು ಕಾರ್ಟ್ರಿಜ್ ಜೋಡೆತ್ತುಗಳಂತೆ, ಒಂದನ್ನು ಮಾತ್ರ ಬಲಿಷ್ಠವಾದದ್ದಕ್ಕೆ ಬದಲಾಯಿಸಿದರೆ ಗಾಡಿ ಓರೆಯಾಗಿಯೇ ಸಾಗುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲು ಕಾರನ್ನು ಹೊಸದಿದ್ದಾಗ ಹೇಗಿತ್ತೋ ಹಾಗೆ ಮಾಡಿ. ಹೊಸ ಕಾರ್ಟ್ರಿಜ್, ಹೊಸ ರಬ್ಬರ್ ಬುಷ್‌ಗಳು, ಹೊಸ ಬಾಲ್ ಜಾಯಿಂಟ್‌ಗಳು (ಚಕ್ರದ ಕಡೆಯ ಗುಂಡು ಕೀಲುಗಳು), ಹೊಸ ಬಂಪ್ ಸ್ಟಾಪ್‌ಗಳು (ಸ್ಟ್ರಟ್ ಪೂರ್ತಿ ಅದುಮಿದಾಗ ಬಡಿತ ತಡೆಯುವ ರಬ್ಬರ್ ತುಂಡುಗಳು) ಹಾಕಿ ಒಂದು ಬೇಸಿಗೆ ಓಡಿಸಿ. ಈ ಕಾರು ಸಡಿಲ ಎಂದು ದೂರುವವರಲ್ಲಿ ಬಹುಪಾಲು ಜನ ಓಡಿಸಿರುವುದು ಐವತ್ತು ವರ್ಷದ ರಬ್ಬರನ್ನೇ ಹೊರತು ಈ ಕಾರನ್ನಲ್ಲ. ಉಗಾಂಡಾದಲ್ಲಿ ಹುಟ್ಟಿದ ಭಾರತೀಯ ಮೂಲದ ಶೇಖರ್ ಮೆಹ್ತಾ 1973ರಲ್ಲಿ ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಯನ್ನು ಗೆದ್ದದ್ದು 240-ಝಡ್‌ನಲ್ಲಿಯೇ. ಕೆಸರು, ಕಲ್ಲು, ಗುಂಡಿಗಳ ಆ ದಾರಿಯಲ್ಲಿ ಕಾರನ್ನು ಕಾಪಾಡುವುದು ಚಕ್ರ ಮೇಲೆ ಕೆಳಗೆ ಆಡಲು ಇರುವ ಜಾಗ. ಕಾರನ್ನು ನೆಲಕ್ಕೆ ಅಂಟಿಸಿದಂತೆ ತಗ್ಗಿಸಲು ಹೊರಟವರು ಮೊದಲು ಕಳೆದುಕೊಳ್ಳುವುದು ಅದನ್ನೇ.

ಕಾರನ್ನು ಎಷ್ಟು ತಗ್ಗಿಸಬಹುದು?

ಕೊಳವೆಯನ್ನು ಕತ್ತರಿಸದೆ ಸುಮಾರು 25 ಮಿಲಿಮೀಟರ್. ಅದಕ್ಕಿಂತ ಹೆಚ್ಚು ತಗ್ಗಿಸಿದರೆ ಎರಡು ತೊಂದರೆಗಳು ಒಟ್ಟಿಗೆ ಬರುತ್ತವೆ. ಕೊಳವೆಯ ಉದ್ದ ಅಷ್ಟೇ ಇದ್ದು ಕಾರು ಮಾತ್ರ ಇಳಿದಾಗ ಪಿಸ್ಟನ್ ರಾಡ್ ಆಗಲೇ ಒಳಕ್ಕೆ ಹೋಗಿರುತ್ತದೆ, ಗುಂಡಿ ಬಂದಾಗ ಅದಕ್ಕೆ ಓಡಾಡಲು ಜಾಗ ಸಾಲದೆ ಬಂಪ್ ಸ್ಟಾಪಿಗೆ ಬಡಿಯುತ್ತದೆ. ಇದು ಕಿವಿಗೆ ಕೇಳುವ ತೊಂದರೆ.

ಎರಡನೆಯದು ಕಣ್ಣಿಗೂ ಕಿವಿಗೂ ಸಿಕ್ಕುವಂಥದ್ದಲ್ಲ. ಮೂಲ ಎತ್ತರದಲ್ಲಿ ಕೆಳಗಿನ ಆರ್ಮ್‌ನ, ಅಂದರೆ ಸ್ಟ್ರಟ್‌ನ ತಳವನ್ನು ಕಾರಿನ ಮೈಗೆ ಜೋಡಿಸುವ ತೋಳಿನ, ಹೊರತುದಿ ಒಳತುದಿಗಿಂತ ಕೆಳಗಿರುತ್ತದೆ. ಕಾರು ಬಹಳ ಇಳಿದಾಗ ಅದು ತಿರುಗುಮುರುಗಾಗಿ ಹೊರತುದಿ ಮೇಲಾಗುತ್ತದೆ. ಆಗ ಕಾರು ವಾಲುವ ಕಾಲ್ಪನಿಕ ಕೇಂದ್ರಬಿಂದು ಕಾರಿನ ಮೈಗಿಂತ ವೇಗವಾಗಿ ಕೆಳಗಿಳಿಯುತ್ತದೆ, ಹೀಗಾಗಿ ತಗ್ಗಿಸಿದ ಕಾರು ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲಲು ಹವಣಿಸುತ್ತದೆ. ಸ್ಟೀರಿಂಗ್ ರಾಡಿನ ಓರೆಯೂ ಕೆಟ್ಟು, ಉಬ್ಬು ಹತ್ತಿದಾಗ ಚಕ್ರ ತಾನಾಗಿಯೇ ಒಂದಿಷ್ಟು ತಿರುಗುತ್ತದೆ. ಇದಕ್ಕೆಂದೇ ಸ್ಟ್ರಟ್‌ನ ತಳಕ್ಕೂ ಸ್ಟೀರಿಂಗ್ ಆರ್ಮಿಗೂ ನಡುವೆ ಹಾಕುವ ದಪ್ಪ ಸ್ಪೇಸರ್‌ಗಳು ಮಾರಾಟಕ್ಕಿವೆ. ಅವು ಬಾಲ್ ಜಾಯಿಂಟನ್ನೂ ಸ್ಟೀರಿಂಗ್ ರಾಡಿನ ತುದಿಯನ್ನೂ ಒಟ್ಟಿಗೆ ಕೆಳಗಿಳಿಸಿ ಹಳೆಯ ಓರೆಯನ್ನು ಮರಳಿ ಕೊಡುತ್ತವೆ. 25 ಮಿಲಿಮೀಟರಿಗಿಂತ ಹೆಚ್ಚು ಇಳಿಸುವವರಿಗೆ ಸ್ಪೇಸರ್ ಅಗತ್ಯ, ಮೂಲ ಎತ್ತರದಲ್ಲಿಯೇ ಇರುವವರಿಗೆ ಅನಗತ್ಯ.

ಮುಂದಿನ ಸ್ಟ್ರಟ್ ತೆಗೆಯುವ ಕ್ರಮವೇನು?

ಕಾರನ್ನು ಎತ್ತಿ, ಜಾಕಿನ ಮೇಲಲ್ಲ, ಸ್ಟ್ಯಾಂಡುಗಳ ಮೇಲೆ ಕೂರಿಸಿ. ಚಕ್ರ ತೆಗೆದು, ಬ್ರೇಕ್ ಕ್ಯಾಲಿಪರನ್ನು ಬಿಚ್ಚಿ ತಂತಿಯಿಂದ ತೂಗುಹಾಕಿ. ಬ್ರೇಕ್ ಹೋಸಿನ ಮೇಲೆ ಅದರ ಭಾರ ಬೀಳಬಾರದು. ಸ್ಟ್ರಟ್‌ನ ತಳದಲ್ಲಿ ಸ್ಟೀರಿಂಗ್ ಆರ್ಮನ್ನು ಹಿಡಿದಿರುವ ಎರಡು ಉದ್ದನೆಯ ಬೋಲ್ಟುಗಳನ್ನು ಬಿಚ್ಚಿದರೆ ಬಾಲ್ ಜಾಯಿಂಟನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಕೊನೆಗೆ, ಇನ್ನೊಬ್ಬರು ಸ್ಟ್ರಟ್ ಹಿಡಿದುಕೊಂಡಿರುವಾಗ, ಎಂಜಿನ್ ಕೋಣೆಯಲ್ಲಿರುವ ಮೂರು ನಟ್‌ಗಳನ್ನು ಬಿಚ್ಚಿ. ನಟ್ಟನಡುವಿನ ದೊಡ್ಡ ನಟ್ಟಿಗೆ ಈಗಲೇ ಕೈ ಹಾಕಬೇಡಿ. ಅದು ಬಿಗಿಯಾಗಿ ಅದುಮಿಕೊಂಡಿರುವ ಸ್ಪ್ರಿಂಗನ್ನು ಹಿಡಿದಿರುತ್ತದೆ, ಸ್ಪ್ರಿಂಗ್ ಕಂಪ್ರೆಸರ್ ಕಟ್ಟದೆ ಅದನ್ನು ಬಿಚ್ಚಿದರೆ ಪ್ರಾಣಾಪಾಯ.

ಹಿಂದಿನ ಸ್ಟ್ರಟ್ ತೆಗೆಯಲು ಸ್ಪಿಂಡಲ್ ಪಿನ್ ಹೊರಬರುತ್ತಿಲ್ಲ. ಏನು ಮಾಡಲಿ?

ಕಾರ್ಟ್ರಿಜ್ ಬದಲಾಯಿಸುವುದಷ್ಟೇ ಉದ್ದೇಶವಾಗಿದ್ದರೆ, ಹಿಂದಿನ ಸ್ಟ್ರಟ್‌ನ ತಳವನ್ನು ಕೆಳಗಿನ ಆರ್ಮಿಗೆ ಜೋಡಿಸುವ ಆ ಪಿನ್ನನ್ನು ಅದರ ಪಾಡಿಗೆ ಬಿಟ್ಟುಬಿಡಿ. ಚಕ್ರದ ಕಡೆಯ ಡ್ರೈವ್ ಶಾಫ್ಟಿನ ನಾಲ್ಕು ಬೋಲ್ಟುಗಳನ್ನು ತೆಗೆದು, ಬ್ರೇಕ್ ಹೋಸನ್ನೂ ಹ್ಯಾಂಡ್‌ಬ್ರೇಕ್ ಕೇಬಲನ್ನೂ ಬಿಡಿಸಿ, ಮೇಲಿನ ಮೂರು ನಟ್‌ಗಳನ್ನು ಕಳಚಿದರೆ, ಕೆಳಗಿನ ಆರ್ಮ್ ಜೊತೆಗೇ ಸ್ಟ್ರಟ್ ಕೆಳಗಿಳಿದು ಓರೆಯಾಗಿ ಹೊರಕ್ಕೆ ವಾಲುತ್ತದೆ. ಅಲ್ಲಿಯೇ ಸ್ಪ್ರಿಂಗ್ ಅದುಮಿ, ತೆಗೆದು, ಕಾರ್ಟ್ರಿಜ್ ಹಾಕಬಹುದು.

ಕೆಳಗಿನ ಆರ್ಮ್‌ನ ಹೊರಬುಷ್‌ಗಳನ್ನು ಬದಲಾಯಿಸಲೇಬೇಕಾದಾಗ ಮಾತ್ರ ಸ್ಪಿಂಡಲ್ ಪಿನ್ ತೆಗೆಯಬೇಕಾಗುತ್ತದೆ. ಅದು ಒಂದು ಉದ್ದನೆಯ ಉಕ್ಕಿನ ಸರಳು, ಎರಡು ತುದಿಗಳಲ್ಲೂ ತಿರುಪು, ನಡುವೆ ಅದನ್ನು ಕಚ್ಚಿ ಹಿಡಿದಿರುವ ಸಣ್ಣ ಬೆಣೆಯಂಥ ಲಾಕ್ ಪಿನ್. ಎರಕದ ಕಬ್ಬಿಣದ ರಂಧ್ರದೊಳಗೆ ಐವತ್ತು ವರ್ಷ ಕೂತ ಈ ಸರಳು ತುಕ್ಕಿನಿಂದ ಅದರೊಡನೆ ಒಂದೇ ಲೋಹವಾದಂತೆ ಬೆಸೆದುಕೊಂಡಿರುತ್ತದೆ. ನಾನು ಮೊದಲ ಸಲ ಮಾಡಿದ ತಪ್ಪನ್ನು ಇಲ್ಲಿ ಬರೆದಿಡುತ್ತೇನೆ. ಮೂರು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಸುರಿದು, ನಾಲ್ಕನೆಯ ಬೆಳಿಗ್ಗೆ ತುದಿಗೆ ನೇರವಾಗಿ ದೊಡ್ಡ ಸುತ್ತಿಗೆಯಿಂದ ಹೊಡೆದೆ. ಸರಳು ಕೂದಲೆಳೆಯಷ್ಟೂ ಸರಿಯಲಿಲ್ಲ. ಅದರ ತುದಿ ಮಾತ್ರ ಅಣಬೆಯ ಕೊಡೆಯಂತೆ ಅರಳಿತು. ಅರಳಿದ ತುದಿ ರಂಧ್ರದ ಮೂಲಕ ಹಾಯುವುದಿಲ್ಲವಾದ್ದರಿಂದ, ಅದುವರೆಗೆ ಕಷ್ಟವಾಗಿದ್ದ ಕೆಲಸ ಅಸಾಧ್ಯವಾಯಿತು. ಕೊನೆಗೆ ಆರ್ಮಿಗೂ ಎರಕಕ್ಕೂ ನಡುವಿನ ಬುಷ್ ಜಾಗದಲ್ಲಿ ಎರಡೂ ಕಡೆ ಗರಗಸದಿಂದ ಕೊಯ್ದು, ಉಳಿದ ತುಂಡನ್ನು ವರ್ಕ್‌ಶಾಪಿನ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿಸಿ ತೆಗೆಯಬೇಕಾಯಿತು. ಅದು ಬಿಟ್ಟಾಗ ಬಂದ ಸದ್ದಿಗೆ ಪಕ್ಕದ ಕೋಣೆಯಲ್ಲಿದ್ದವರು ಏನು ಒಡೆಯಿತೆಂದು ಓಡಿಬಂದರು.

ಆದ್ದರಿಂದ ಲಾಕ್ ಪಿನ್ ಪೂರ್ತಿ ಹೊರಬಂದಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಸುತ್ತಿಗೆಯ ಬದಲು, ತಿರುಪಿಗೆ ಹಾಕಿ ಸರಳನ್ನು ಎಳೆಯುವ ಪುಲ್ಲರ್ ಬಳಸಿ. ಈ ಕಾರಿಗೆಂದೇ ಮಾಡಿದವು ಸಿಗುತ್ತವೆ. ಹೊಸ ಪಿನ್ ಹಾಕುವಾಗ ರಂಧ್ರಕ್ಕೆ ಧಾರಾಳವಾಗಿ ಆಂಟಿ-ಸೀಜ್ (ಲೋಹಗಳು ಬೆಸೆದುಕೊಳ್ಳದಂತೆ ತಡೆಯುವ ಲೇಪ) ಸವರಿ, ಮುಂದೊಮ್ಮೆ ಬಿಚ್ಚುವವರು ನಿಮ್ಮನ್ನು ನೆನೆಯುತ್ತಾರೆ.

ಗ್ಲ್ಯಾಂಡ್ ನಟ್ ಬಿಚ್ಚುವಾಗ ಮತ್ತು ಕಾರ್ಟ್ರಿಜ್ ಇಳಿಸುವಾಗ ಏನನ್ನು ಗಮನಿಸಬೇಕು?

ಹಳೆಯ ನಟ್ಟನ್ನು ಉದ್ದ ಹಿಡಿಯ ಪೈಪ್ ರೆಂಚಿನಿಂದ ಬಿಚ್ಚಿ. ಹೇಗೂ ಅದನ್ನು ಎಸೆಯುವುದರಿಂದ ಗೀರು ಬಿದ್ದರೆ ಚಿಂತೆಯಿಲ್ಲ, ಆದರೆ ಕೊಳವೆಯ ಗೋಡೆಯನ್ನು ವೈಸಿನಲ್ಲಿ ಜಜ್ಜಬೇಡಿ. ಹಳೆಯ ಪಿಸ್ಟನ್ನನ್ನು ನಿಧಾನವಾಗಿ ಎಳೆಯಿರಿ, ಕೆಳಗೆ ಬೋಗುಣಿ ಇರಲಿ. ಬರುವ ಎಣ್ಣೆ ಕರ್ರಗೆ, ಕೊಳೆತ ಮೀನಿನಂಥ ವಾಸನೆಯದು, ಬಟ್ಟೆಗೆ ತಾಗಿದರೆ ಹೋಗುವುದಿಲ್ಲ. ಕೊಳವೆಯ ಒಳಗನ್ನು ಚೊಕ್ಕಟವಾಗಿ ಒರೆಸಿ, ತಳದಲ್ಲಿ ಒಂದಿಷ್ಟು ಎಂಜಿನ್ ಆಯಿಲ್ ಹಾಕಿ. ಕಾರ್ಟ್ರಿಜ್ ಇಳಿದಾಗ ಎಣ್ಣೆ ಸುತ್ತಲೂ ಏರಿ ಬಾಯಿಗಿಂತ ಸ್ವಲ್ಪ ಕೆಳಗೆ ನಿಂತರೆ ಅಳತೆ ಸರಿ. ಕಾರ್ಟ್ರಿಜ್‌ನ ಬಿಸಿ ಕೊಳವೆಯ ಗೋಡೆಗೆ ಹೋಗುವುದು ಈ ಎಣ್ಣೆಯ ಮೂಲಕ. ಇದಿಲ್ಲದಿದ್ದರೆ ನಡುವೆ ಬರೀ ಗಾಳಿ, ಗಾಳಿ ಬಿಸಿಯನ್ನು ಸಾಗಿಸುವುದರಲ್ಲಿ ಸೋಮಾರಿ.

ರಬ್ಬರ್ ಬುಷ್ ಹಾಕಬೇಕೇ, ಪಾಲಿಯುರೆಥೇನ್ ಹಾಕಬೇಕೇ?

ಹೆಚ್ಚಿನ ಕಡೆ ಇಷ್ಟಕ್ಕೆ ಬಿಟ್ಟದ್ದು. ಪಾಲಿಯುರೆಥೇನ್ ಚುರುಕು, ರಬ್ಬರ್ ನಿಶ್ಶಬ್ದ. ಒಂದು ಜಾಗದಲ್ಲಿ ಮಾತ್ರ ಪಟ್ಟು ಹಿಡಿದು ಹೇಳುತ್ತೇನೆ. ಮುಂದಿನ ಕೆಳಗಿನ ಆರ್ಮಿನಿಂದ ಚಾಸಿಗೆ ಹೋಗುವ ಟೆನ್ಷನ್ ರಾಡಿನ ಬುಷ್‌ಗಳು ಎರಡೂ ಬದಿ ಪಾಲಿಯುರೆಥೇನ್ ಆದರೆ, ಚಕ್ರ ಮೇಲೆ ಕೆಳಗೆ ಆಡುವಾಗ ರಾಡಿಗೆ ಬೇಕಾದ ಓರೆಚಲನೆಗೆ ಆಸ್ಪದವೇ ಇರುವುದಿಲ್ಲ; ಬುಷ್ ಬಾಗದ ಕಾರಣ ರಾಡೇ ಬಾಗಿ ಬಾಗಿ ದಣಿದು, ಕೊನೆಗೆ ತಿರುಪಿನ ಬುಡದಲ್ಲಿ ಮುರಿಯುತ್ತದೆ. ಬ್ರೇಕ್ ಹಾಕುವಾಗ ಅದು ಮುರಿದರೆ ಚಕ್ರ ಹಿಂದಕ್ಕೆ ಸರಿದು ಸ್ಟೀರಿಂಗ್ ಕೈತಪ್ಪುತ್ತದೆ. ಆದ್ದರಿಂದ ಅಲ್ಲಿ ಕನಿಷ್ಠ ಒಂದು ಬದಿಗಾದರೂ ರಬ್ಬರೇ ಇರಲಿ.

ರಬ್ಬರ್ ಬುಷ್ ಹಾಕುವವರು ಅದರ ಬೋಲ್ಟನ್ನು ಕಾರು ಗಾಳಿಯಲ್ಲಿ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಮಾಡಿದರೆ ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಚಕ್ರಗಳ ಮೇಲೆ ಕಾರಿನ ಭಾರ ಬಿದ್ದ ಮೇಲೆ, ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಿರಿ.

ಕೆಲಸಕ್ಕೆ ಕೈ ಹಾಕುವ ಮೊದಲು ತುಕ್ಕನ್ನು ಎಲ್ಲೆಲ್ಲಿ ಹುಡುಕಬೇಕು?

ಬ್ಯಾಟರಿ ತಟ್ಟೆಯ ಕೆಳಗೆ, ಮುಂದಿನ ಚಾಸಿ ರೈಲುಗಳಲ್ಲಿ, ನಾಲ್ಕೂ ಸ್ಟ್ರಟ್ ಟವರ್‌ಗಳ (ಸ್ಟ್ರಟ್‌ನ ತಲೆ ಕೂರುವ ಕಾರಿನ ಮೈಯ ಭಾಗಗಳ) ಅಂಚಿನಲ್ಲಿ. ಬಣ್ಣದ ಮೇಲೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗಿಳಿದರೆ ಸ್ಟ್ರಟ್‌ಗೆ ಇಟ್ಟ ಹಣವನ್ನು ವೆಲ್ಡಿಂಗಿಗೆ ತಿರುಗಿಸಿ. ಟವರುಗಳನ್ನು ಕೂಡಿಸುವ ಬ್ರೇಸ್ ಪಟ್ಟಿ ತುಕ್ಕಿಗೆ ಮದ್ದಲ್ಲ.

ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ ಹಾಕಿಸಿದರೆ ಹೇಗೆ?

ಟ್ರ್ಯಾಕಿಗೆ ಹೋಗುವವರಿಗೆ ಸರಿ. ಮೂಲ ಸ್ಪ್ರಿಂಗ್ ಕೂರುವ ತಟ್ಟೆಯನ್ನು ಕೊಯ್ದು, ತಿರುಪಿನ ತೋಳನ್ನು ಕೊಳವೆಗೆ ತೊಡಿಸಿ, 2.5 ಇಂಚು ಒಳವ್ಯಾಸದ ರೇಸಿಂಗ್ ಸ್ಪ್ರಿಂಗ್ ಹಾಕುತ್ತಾರೆ. ಜೊತೆಗೆ ಕೊಳವೆಯನ್ನೂ ಕತ್ತರಿಸಿ ಕುಗ್ಗಿಸಿ ಗಿಡ್ಡ ಕಾರ್ಟ್ರಿಜ್ ಹಾಕಿದರೆ ತಗ್ಗಿದ ಎತ್ತರದಲ್ಲೂ ರಾಡಿಗೆ ಓಡಾಟ ಉಳಿಯುತ್ತದೆ. ಕೊಯ್ದದ್ದನ್ನು ಮತ್ತೆ ಮೂಲ ರೂಪಕ್ಕೆ ತರುವುದು ಸುಲಭವಲ್ಲ, ಮೂಲ ಸ್ಟ್ರಟ್‌ಗಳು ಹೊಸದಾಗಿ ತಯಾರಾಗುತ್ತಲೂ ಇಲ್ಲ. ಆಸೆಯಿದ್ದವರು ಗುಜರಿಯಿಂದ ಇನ್ನೊಂದು ಜೊತೆ ತಂದು ಅದನ್ನು ಕೊಯ್ಯಿಸಿ, ಕಾರಿನ ಜೊತೆ ಬಂದದ್ದನ್ನು ಎಣ್ಣೆ ಸವರಿ ಎತ್ತಿಡಲಿ.

ಅಲೈನ್‌ಮೆಂಟ್ ಅಂಗಡಿಯವರು ಹಿಂದಿನ ಚಕ್ರ ಹೊಂದಿಸಲು ಬರುವುದಿಲ್ಲ ಎನ್ನುತ್ತಾರೆ. ನಿಜವೇ?

ನಿಜ, ಅವರನ್ನು ದೂರಬೇಡಿ. ಕಾರ್ಖಾನೆಯಿಂದ ಬಂದ ರೂಪದಲ್ಲಿ ಈ ಕಾರಿನಲ್ಲಿ ಹೊಂದಿಸಬಹುದಾದದ್ದು ಮುಂದಿನ ಚಕ್ರಗಳ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದೇ. ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಹೊಂದಿಸುವ ಅವಕಾಶ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಬೇಕೆಂದವರು ಮೇಲ್ಭಾಗಕ್ಕೆ ಕ್ಯಾಂಬರ್ ಪ್ಲೇಟ್, ಇಲ್ಲವೇ ಕೆಳಗಿನ ಆರ್ಮಿಗೆ ನಡು ತಪ್ಪಿದ ರಂಧ್ರದ ಬುಷ್ ಹಾಕಿಸಬೇಕು. ಹೊಸ ಸ್ಪ್ರಿಂಗ್ ಮತ್ತು ಬುಷ್‌ಗಳು ಕುಳಿತುಕೊಳ್ಳಲು ಕೆಲವು ನೂರು ಕಿಲೋಮೀಟರ್ ಓಡಿಸಿ, ಆನಂತರ ಅಲೈನ್‌ಮೆಂಟಿಗೆ ಒಯ್ಯಿರಿ.

ಎಲ್ಲ ಹೊಸದು ಹಾಕಿದ ಮೇಲೂ ಸಣ್ಣ ಉಬ್ಬುಗಳಲ್ಲಿ ಟಕ್ ಟಕ್ ಸದ್ದು ಬರುತ್ತಿದೆ. ಯಾಕೆ?

ಹತ್ತರಲ್ಲಿ ಎಂಟು ಸಲ ಕಾರ್ಟ್ರಿಜ್ ಕೊಳವೆಯೊಳಗೆ ಅಲುಗಾಡುತ್ತಿರುತ್ತದೆ. ಗ್ಲ್ಯಾಂಡ್ ನಟ್ ಕಾರ್ಟ್ರಿಜ್‌ನ ತಲೆಯನ್ನು ಒತ್ತಿ ಹಿಡಿಯಬೇಕು. ಕಾರ್ಟ್ರಿಜ್ ಒಂದೆರಡು ಮಿಲಿಮೀಟರ್ ಗಿಡ್ಡವಾಗಿದ್ದರೆ ನಟ್ ಅದನ್ನು ಮುಟ್ಟುವ ಮೊದಲೇ ಕೊಳವೆಯ ಅಂಚಿಗೆ ತಾಗಿ ನಿಲ್ಲುತ್ತದೆ, ರೆಂಚಿಗೆ ಮಾತ್ರ ಬಿಗಿಯಾದಂತೆಯೇ ಅನಿಸುತ್ತದೆ. ಸರಿಯಾಗಿ ಬಿಗಿದಾಗ ನಟ್ಟಿನ ಅಂಚಿಗೂ ಕೊಳವೆಯ ಬಾಯಿಗೂ ನಡುವೆ ಉಗುರಿಗೆ ಸಿಕ್ಕುವಷ್ಟು ಸಂದು ಉಳಿದಿರಬೇಕು. ಸಂದು ಇಲ್ಲದಿದ್ದರೆ ಸ್ಟ್ರಟ್ ಮತ್ತೆ ಇಳಿಸಿ, ಕಾರ್ಟ್ರಿಜ್ ಕೆಳಗೆ ತಕ್ಕ ದಪ್ಪದ ವಾಷರ್ ಹಾಕಿ ಬಿಗಿಯಿರಿ. ಸಂದು ಸರಿಯಾಗಿದ್ದೂ ಸದ್ದು ನಿಲ್ಲದಿದ್ದರೆ ಸ್ಟ್ರಟ್ ತಲೆಯ ರಬ್ಬರ್ ಇನ್ಸುಲೇಟರನ್ನು ನೋಡಿ. ಒಬ್ಬರು ಕಾರು ಕುಲುಕುತ್ತಿರಲಿ, ಇನ್ನೊಬ್ಬರು ಟವರಿನ ಮೇಲೆ ಬೆರಳಿಟ್ಟುಕೊಂಡಿರಲಿ, ಸದ್ದು ಅಲ್ಲಿಂದಲೇ ಬರುತ್ತಿದ್ದರೆ ಬೆರಳಿಗೆ ತಾಗುತ್ತದೆ.